ಸಲಾಲಾದ ಮೂರು ದನಿಗಳು

ಖರೀಫ್, ಅಂದರೆ ಅಲ್ಲಿಯ ಮಳೆಗಾಲ, ಶುರುವಾದರೆ ಸಲಾಲಾದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಪೂರಾ ಮಳೆಯೂ ಅಲ್ಲ, ಬರೀ ಮಂಜೂ ಅಲ್ಲ, ಅಂಥದೊಂದು ತುಂತುರು ಜೂನ್ ಕೊನೆಗೆ ಬಂದರೆ ಸೆಪ್ಟೆಂಬರಿನವರೆಗೆ ಊರು ಬಿಡುವುದಿಲ್ಲ. ಅದನ್ನು ನೋಡಲೆಂದೇ ದುಬೈ, ಮಸ್ಕತ್ತುಗಳಿಂದ ಜನ ಕಾರು ತುಂಬಿಕೊಂಡು ಬರುತ್ತಾರೆ. ಧಾರವಾಡದ ತ್ರಿವೇಣಿಗೆ ಮಾತ್ರ ಈ ಹವೆ ಕಂಡರೆ ಆಗುತ್ತಿರಲಿಲ್ಲ. ಗಂಡ ವಿವೇಕ ಕಂಟೇನರ್ ಬಂದರಿನಲ್ಲಿ ಕ್ರೇನುಗಳ ಎಂಜಿನಿಯರು. ಅವನ ಒದ್ದೆ ಯೂನಿಫಾರ್ಮನ್ನು ಇಸ್ತ್ರಿಪೆಟ್ಟಿಗೆಯಿಂದಲೇ ಒಣಗಿಸುತ್ತ ಅವಳು ಹಾಡಿಕೊಳ್ಳುತ್ತಿದ್ದಳು. ಸಿಟ್ಟು ಬಂದರೆ ಬೇರೆಯವರು ಪಾತ್ರೆ ಕುಕ್ಕುತ್ತಾರೆ, ತ್ರಿವೇಣಿ ಮಂದ್ರಕ್ಕೆ ಇಳಿದು ಆಲಾಪ ಮಾಡುತ್ತಿದ್ದಳು.

ಎರಡು ಸಾವಿರದ ಆರರ ಖರೀಫಿನಲ್ಲಿ ಒಂದು ದಿನ ಹೀಗೆ ಆಲಾಪ ನಡೆದಿದ್ದಾಗ ಎದುರು ಫ್ಲ್ಯಾಟಿನ ಪ್ಯಾಟ್ರಿಷಿಯಾ ಬಾಗಿಲು ಬಡಿದಳು. ಆಕೆ ಕರಾವಳಿಯ ಬೆಳ್ಮಣ್ಣಿನ ಕಡೆಯವಳು, ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸು, ತ್ರಿವೇಣಿಗಿಂತ ಏಳೆಂಟು ವರ್ಷ ದೊಡ್ಡವಳು. ಅಲ್ಲಿಯವರೆಗೆ ಮೆಟ್ಟಿಲ ಮೇಲೆ ಸಿಕ್ಕಾಗ ನಗುವಷ್ಟೇ ಪರಿಚಯ.

“ಒಳಗೆ ಹಾಡಿದ್ದು ಯಾರು ಮಾರಾಯ್ರೆ? ನಿಮ್ಮ ಯಜಮಾನ್ರಾ?”

“ಅವ್ರು ಡ್ಯೂಟಿಗೆ ಹೋಗ್ಯಾರ್ರಿ. ಹಾಡಿದಾಕಿ ನಾನು.”

“ನೀವಾ! ದೇವರೇ, ಇಷ್ಟು ಕೆಳಗೆ ಹೋಗ್ತದಾ ನಿಮ್ಮ ಸ್ವರ? ಹಾಗಾದ್ರೆ ಸಂಜೆ ನಮ್ಮಲ್ಲಿಗೆ ಬನ್ನಿ. ನಮಗೆ ಒಂದು ಗಂಡಸು ಕಡಿಮೆ ಉಂಟು.”

ಹೆಣ್ಣುಮಗಳೊಬ್ಬಳನ್ನು ಹೊಗಳುವ ರೀತಿಯೇ ಇದು? ಸಾಲದ್ದಕ್ಕೆ ಕರೆದದ್ದು ಗಂಡಸಿನ ಜಾಗಕ್ಕೆ. ತ್ರಿವೇಣಿ ಮುಖ ಊದಿಸಿಕೊಂಡು ಬಾಗಿಲು ಹಾಕಿದಳು. ಆದರೆ ಸಲಾಲಾಕ್ಕೆ ಬಂದ ಮೇಲೆ ಅವಳ ಹಾಡನ್ನು ಕೇಳಿ ಬಾಗಿಲು ಬಡಿದವರು ಬೇರೆ ಯಾರೂ ಇರಲಿಲ್ಲ. ಸಂಜೆ ತಲೆ ಬಾಚಿಕೊಂಡು ಎದುರು ಮನೆಗೆ ಹೋಗಿಯೇ ಹೋದಳು.

ಪ್ಯಾಟ್ರಿಷಿಯಾಳ ಗಂಡ ಕ್ಯಾಸ್ಮಿರ್ ಶಿಪ್ಪಿಂಗ್ ಕಂಪನಿಯೊಂದರಲ್ಲಿ ಅಕೌಂಟೆಂಟು. ಹುಡುಗನಾಗಿದ್ದಾಗ ಪಾದ್ರಿಯಾಗುತ್ತೇನೆಂದು ಸೆಮಿನರಿ ಸೇರಿದ್ದವನು, ಅರ್ಧಕ್ಕೆ ಬಿಟ್ಟು ಬಂದು ಮದುವೆಯಾದ. ಸೆಮಿನರಿಯಿಂದ ಅವನು ಹೊತ್ತು ತಂದದ್ದು ಒಂದೇ ಹುಚ್ಚು: ನಾನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಸಂಗೀತ. ಆ ಕಾಲದ ರಚನೆಕಾರರ ಬಗ್ಗೆ ಅವನು ಸ್ವಂತ ನೆಂಟರ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದ. ಡೌಲಂಡನಿಗೆ ಲೂಟ್ ಎಂಬ ತಂತಿವಾದ್ಯ ಹಿಡಿದು ಅಳುವುದೇ ಕೆಲಸ. ಗಿಬ್ಬನ್ಸ್ ಒಳ್ಳೆಯವ, ಪಾಪ, ಬೇಗ ಸತ್ತ. ಎಲ್ಲರಿಗಿಂತ ದೊಡ್ಡವ ವಿಲಿಯಂ ಬರ್ಡ್.

“ರಾಣಿ ಎಲಿಜಬೆತ್ ಪ್ರೊಟೆಸ್ಟೆಂಟು, ಇವ ಕ್ಯಾಥೊಲಿಕ್ಕು,” ಎಂದು ಕ್ಯಾಸ್ಮಿರ್ ಚಹಾ ಆರಲು ಬಿಟ್ಟು ಶುರುಮಾಡಿದ. “ಅರಮನೆಯ ಇಗರ್ಜಿಯಲ್ಲಿ ಸಂಬಳದ ಕೆಲಸ. ಆದ್ರೆ ಮನಸ್ಸು ಹಳೆಯ ಪೂಜೆಯಲ್ಲಿ. ಅದನ್ನು ಬಹಿರಂಗ ಮಾಡುವ ಹಾಗಿಲ್ಲ. ದೊಡ್ಡ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಮಾಡ್ತಿದ್ರು. ಹಾಡ್ಲಿಕ್ಕೆ ಎಷ್ಟು ಜನ ಸಿಗ್ತಾರೆ ಅಂತ ಹೇಳ್ಲಿಕ್ಕಾಗುದಿಲ್ಲ. ಅದಕ್ಕೇ ನಾವು ಹಾಡುವ ಈ ಪೂಜೆಯ ಹಾಡನ್ನು ಮೂರೇ ದನಿಗೆ ಬರೆದದ್ದು ಅಂತ ನನ್ನ ಅಂದಾಜು.”

“ಅವ್ರ ಗುರುಗಳು ಯಾರ್ರಿ?” ತ್ರಿವೇಣಿಗೆ ಮೊದಲು ಬೇಕಾದದ್ದು ಅದು.

“ಟಾಲಿಸ್ ಅಂತ. ಟಾಲಿಸ್ ತೀರಿಕೊಂಡಾಗ ಬರ್ಡ್ ಒಂದು ಹಾಡು ಕಟ್ಟಿದ. ಸಂಗೀತವೇ ಸತ್ತುಹೋಯ್ತು ಅಂತ.”

ತ್ರಿವೇಣಿಗೆ ಆ ಬರ್ಡ್ ಎನ್ನುವವನ ಮೇಲೆ ಅಲ್ಲಿಯೇ ಗೌರವ ಹುಟ್ಟಿತು. ಗುರುವಿಗಾಗಿ ಅತ್ತವನು ಕೆಟ್ಟ ಸಂಗೀತಗಾರನಾಗಿರಲಿಕ್ಕಿಲ್ಲ ಎಂದು ಅವಳ ಲೆಕ್ಕ.

ಮೂರು ದನಿಗಳಲ್ಲಿ ಮೇಲಿನದು ಪ್ಯಾಟ್ರಿಷಿಯಾಳದು, ಕೆಳಗಿನದು ಕ್ಯಾಸ್ಮಿರನದು. ನಡುವಿನದನ್ನು ಹಾಡುತ್ತಿದ್ದ ಗೋವಾದವನಿಗೆ ಸೊಹಾರಿಗೆ ವರ್ಗವಾಗಿತ್ತು. ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಹಾಡುವವರು ಬೇಕಾದಷ್ಟು ಜನ ಇದ್ದರು, ಆದರೆ ಅವರಿಗೆ ಗಿಟಾರು, ಚಪ್ಪಾಳೆ ಬೇಕು. ಇಷ್ಟು ಹಳೆಯ, ಇಷ್ಟು ನಿಧಾನದ ಲ್ಯಾಟಿನ್ ಹಾಡನ್ನು ಕೇಳಲಿಕ್ಕೂ ಅವರು ತಯಾರಿರಲಿಲ್ಲ. ಹಾಗಾಗಿ ಇದು ಮನೆಯ ಹಾಲ್‌ನಲ್ಲಿ, ತಮಗಾಗಿಯೇ ಹಾಡಿಕೊಳ್ಳುವ ಹಾಡು.

ಕ್ಯಾಸ್ಮಿರ್ ಅವಳಿಗೆ ನಡುವಿನ ದನಿಯ ಹಾಳೆಗಳನ್ನಷ್ಟೇ ಕೊಟ್ಟ. ಆ ಕಾಲದಲ್ಲಿ ಹಾಗೆಯೇ ಅಚ್ಚು ಹಾಕುತ್ತಿದ್ದರಂತೆ, ಒಬ್ಬೊಬ್ಬರಿಗೆ ಅವರವರ ಪುಸ್ತಕ, ಪಕ್ಕದವರು ಏನು ಹಾಡುತ್ತಾರೆಂದು ಕಿವಿಯಿಂದಲೇ ತಿಳಿಯಬೇಕು. ತ್ರಿವೇಣಿ ಕೀಬೋರ್ಡಿನಲ್ಲಿ ಕೇಳಿ ಕೇಳಿ ಎಲ್ಲವನ್ನೂ ಕನ್ನಡದಲ್ಲಿ ಸ ರಿ ಗ ಮ ಎಂದು ಬರೆದುಕೊಂಡಳು. ಅಲ್ಲಿಯವರೆಗೆ ಎಲ್ಲ ಸುಗಮವಾಗಿತ್ತು. ಮೂವರೂ ಒಟ್ಟಿಗೆ ಬಾಯಿ ತೆರೆದಾಗ ಫಜೀತಿ ಶುರುವಾಯಿತು.

ಈ ಸಂಗೀತದ ನಡೆಯೇ ಬೇರೆ. ಮೇಲಿನವಳು ಒಂದು ಸಾಲು ಎತ್ತಿಕೊಳ್ಳುತ್ತಾಳೆ. ಅವಳದು ಮುಗಿಯುವ ಮೊದಲೇ ನಡುವಿನವಳು ಅದೇ ಸಾಲನ್ನು ಬೇರೆ ಎತ್ತರದಿಂದ ಹಿಡಿಯಬೇಕು. ಅಷ್ಟರಲ್ಲಿ ಮೇಲಿನವಳು ಮುಂದಕ್ಕೆ ಹೋಗಿರುತ್ತಾಳೆ, ಕೆಳಗಿನವನು ಒಳಗೆ ಬರುತ್ತಾನೆ. ಯಾರೂ ಯಾರ ಹಿಂದೆಯೂ ಇಲ್ಲ, ಯಾರೂ ಮುಖ್ಯ ಗಾಯಕರಲ್ಲ. ತ್ರಿವೇಣಿಯಾದರೋ ಪ್ಯಾಟ್ರಿಷಿಯಾಳ ಸಾಲು ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಮೆಲ್ಲಗೆ ಬಾಯಿ ತೆರೆಯುತ್ತಿದ್ದಳು.

“ನಿಮ್ಮ ಸರದಿ ಹೋಯ್ತಲ್ಲ ಮಾರಾಯ್ರೆ!” ಕ್ಯಾಸ್ಮಿರ್ ಕೀಬೋರ್ಡು ಬಡಿದ.

“ಹಿರ್ಯಾರು ಹಾಡೂವಾಗ ನಡು ಬಾಯಿ ಹಾಕೂದು ಹೆಂಗ್ರಿ ಸರ್?”

“ಇಲ್ಲಿ ಹಿರಿಯರು ಕಿರಿಯರು ಇಲ್ಲ. ನಡುವೆ ಬಾಯಿ ಹಾಕುವುದೇ ಇಲ್ಲಿ ಮರ್ಯಾದೆ.”

ಹತ್ತು ವರ್ಷ ಅವಳು ಧಾರವಾಡದಲ್ಲಿ ಗುರುಗಳ ಹಿಂದೆ ತಂಬೂರಿ ಹಿಡಿದು ಕೂತವಳು. ಗುರುಗಳು ಹಾಡಿದ್ದನ್ನು ಹಿಂಬಾಲಿಸುವುದು, ಅವರಿಗೆ ಉಸಿರು ಕಟ್ಟಿದರೆ, ಕೆಮ್ಮು ಬಂದರೆ ತಟ್ಟನೆ ಆ ಸ್ವರವನ್ನು ಹಿಡಿದು ನಿಲ್ಲಿಸುವುದು ಅವಳ ಕೆಲಸ. ಸ್ವರ ನೆಲಕ್ಕೆ ಬೀಳಬಾರದು ಎಂದು ಗುರುಗಳು ಹೇಳುತ್ತಿದ್ದರು. ಹೀಗಾಗಿ ಅವಳ ಕಿವಿ ಸದಾ ಇನ್ನೊಬ್ಬರ ಗಂಟಲಲ್ಲಿ. ಕಾಯುವ ಚಟ ಬಿಡಿಸಿದರೆ ಹಿಂಬಾಲಿಸುವ ಚಟ ಶುರುವಾಯಿತು: ತನ್ನ ಸಾಲು ಹಾಡುತ್ತಾ ಹಾಡುತ್ತಾ ಅವಳಿಗರಿವಿಲ್ಲದೆ ಪ್ಯಾಟ್ರಿಷಿಯಾಳ ಸಾಲಿಗೆ ಜಾರಿ, ಅರ್ಧ ಹೆಜ್ಜೆ ಹಿಂದೆ ಸಾಥ್ ಕೊಡತೊಡಗುತ್ತಿದ್ದಳು.

ಕ್ಯಾಸ್ಮಿರ್ ತಲೆ ಕೆರೆದುಕೊಂಡು ಕೊನೆಗೆ ಒಂದು ಉಪಾಯ ಮಾಡಿದ. ಪ್ಯಾಟ್ರಿಷಿಯಾಳನ್ನು ಅಡುಗೆಮನೆಗೆ ಅಟ್ಟಿದ. ತ್ರಿವೇಣಿಯನ್ನು ಮಲಗುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ತಾನು ಹಾಲ್‌ನಲ್ಲಿ ನಿಂತು ಕಾಲಿನಿಂದ ತಾಳ ಕುಟ್ಟಿದ. ಮುಖ ಕಾಣದಿದ್ದಾಗ ಹಿಂಬಾಲಿಸುವ ಆಸೆ ಕಡಿಮೆಯಾಯಿತು. ಸಂಜೆಯ ಹೊತ್ತು ಆ ಫ್ಲ್ಯಾಟಿನ ಮೂರು ಕೋಣೆಗಳಿಂದ ಮೂರು ದನಿಗಳು ಹೊರಟು ನಡುವಿನ ಓಣಿಯಲ್ಲಿ ಕೂಡುತ್ತಿದ್ದವು. ಒಮ್ಮೆ ಸರಿಯಾಗಿ ಕೂಡಿದಾಗ ತ್ರಿವೇಣಿಗೆ ಮೈಮೇಲೆ ಮುಳ್ಳೆದ್ದಿತು. ತಾನು ಹಾಡುತ್ತಿರುವುದು ಯಾರದೋ ಹಿಂದೆ ಅಲ್ಲ, ಆದರೂ ತಾನು ಒಂಟಿಯಲ್ಲ. ಇಂಥದ್ದು ಅವಳಿಗೆ ಹೊಸದು, ಮತ್ತು ಅವಳಿಗೆ ಅದು ಬಹಳ ಇಷ್ಟವಾಯಿತು. ‘ಪ್ಯಾಟ್ರಿಷಿಯಾ ಅವರೇ’ ಎನ್ನುತ್ತಿದ್ದವಳು ‘ಅಕ್ಕಾರ’ ಎನ್ನತೊಡಗಿದಳು. ಆಕೆಯೂ ‘ನೀನು’ ಎಂದಳು.

ಆಗಸ್ಟ್ ನಡುವಿನಲ್ಲಿ ಒಂದು ದಿನ ಪ್ಯಾಟ್ರಿಷಿಯಾ ಅಡುಗೆಮನೆಯಿಂದ ಬಂದು, ತ್ರಿವೇಣಿಯ ಕೈ ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಳು. ಬೆರಳಿಗೆ ಅಡಿಕೆಯಷ್ಟು ದೊಡ್ಡ ಗಂಟು ಸಿಕ್ಕಿತು.

“ಥೈರಾಯ್ಡ್ ಗಡ್ಡೆ. ನಾನೇ ಕಂಡುಹಿಡಿದದ್ದು, ನರ್ಸಲ್ವಾ? ಮಸ್ಕತ್ತಿಗೆ ಹೋಗಿ ತೆಗೆಸ್ಬೇಕು. ಅದಕ್ಕೆ ತಾಗಿಕೊಂಡೇ ಸ್ವರದ ನರ ಉಂಟು. ಮಾತು ಹೋಗ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಹಾಡು ಗೊತ್ತಿಲ್ಲ ಅಂದ್ರು.” ಆಕೆ ನಗಲು ನೋಡಿದಳು, ಆಗಲಿಲ್ಲ. “ಹೋಗುವ ಮೊದಲು ಇದನ್ನು ಒಂದು ಸಲ ಪೂರ್ತಿ ಹಾಡ್ಬೇಕು. ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸದೆ. ಅಷ್ಟಾದ್ರೆ ಸಾಕು ನನಗೆ.”

ಇದುವರೆಗೆ ಅವರು ಪೂರ್ತಿ ಹಾಡಿರಲೇ ಇಲ್ಲ. ಎಲ್ಲಿಯಾದರೂ ಒಂದು ಕಡೆ ಯಾರಾದರೂ, ಹೆಚ್ಚಾಗಿ ತ್ರಿವೇಣಿಯೇ, ಜಾರಿ ನಿಲ್ಲಿಸಬೇಕಾಗುತ್ತಿತ್ತು. ಅಂದಿನಿಂದ ತ್ರಿವೇಣಿ ಒಲೆಯ ಮುಂದೆಯೂ ಅದನ್ನೇ ಹಾಡಿದಳು. ಸಾರಿಗೆ ಉಪ್ಪು ಹಾಕುವುದು ಮರೆತಳು. ವಿವೇಕ ಸಪ್ಪೆ ಸಾರನ್ನೇ ಉಂಡ.

ಮಸ್ಕತ್ತಿಗೆ ಹೊರಡುವ ಹಿಂದಿನ ದಿನ ಶುಕ್ರವಾರ. ಸಂಜೆ ಮೂವರೂ ಹಾಲ್‌ನಲ್ಲಿ ಸೇರಿದರು. ಕೇಳುಗ ಎಂದರೆ ವಿವೇಕ ಒಬ್ಬನೇ, ಸೋಫಾದ ತುದಿಯಲ್ಲಿ ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ. ಪ್ಯಾಟ್ರಿಷಿಯಾ ಹಬ್ಬದ ಸೀರೆ ಉಟ್ಟಿದ್ದಳು.

“ಇವತ್ತು ಅಡುಗೆಮನೆ ಬೇಡ,” ಎಂದಳು. “ನನಗೆ ನಿಮ್ಮ ಮುಖ ನೋಡಿಕೊಂಡು ಹಾಡ್ಬೇಕು.”

ಮೂವರೂ ಎದುರುಬದುರು ನಿಂತರು, ಕ್ಯಾಸ್ಮಿರ್ ಕಾಲು ಕುಟ್ಟಿದ.

ಮೊದಲ ಭಾಗ ಸಲೀಸಾಗಿ ಹೋಯಿತು. ಎರಡನೆಯದು ಉದ್ದ, ಅದೂ ದಾಟಿತು. ಸಾಮಾನ್ಯವಾಗಿ ಜಾರುವ ಜಾಗಗಳೆಲ್ಲ ಒಂದೊಂದಾಗಿ ಹಿಂದೆ ಸರಿದವು. ಪ್ಯಾಟ್ರಿಷಿಯಾಳ ದನಿ ಅಂದು ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಕೊನೆಯ ಭಾಗ ಬಂತು, ಶಾಂತಿ ಬೇಡುವ ಭಾಗ. ಅದೂ ಅರ್ಧ ಮುಗಿದಾಗ ಪ್ಯಾಟ್ರಿಷಿಯಾ ಒಂದು ಮೇಲಿನ ಸ್ವರದಲ್ಲಿ ಸುಮ್ಮನಾದಳು. ಕೈ ಕತ್ತಿಗೆ ಹೋಯಿತು.

ತ್ರಿವೇಣಿ ಅದನ್ನು ನೋಡಿದಳು. ಯೋಚಿಸಲು ಪುರಸೊತ್ತೇ ಇರಲಿಲ್ಲ. ಹತ್ತು ವರ್ಷದ ಅಭ್ಯಾಸ ಅವಳಿಗಿಂತ ಮುಂಚೆ ಎದ್ದು ಓಡಿತು. ತನ್ನ ಸಾಲು ಬಿಟ್ಟು, ಬಿದ್ದ ಸ್ವರವನ್ನು ಹಿಡಿದು, ಪ್ಯಾಟ್ರಿಷಿಯಾಳ ಸಾಲನ್ನು ಕೆಳಗಿನ ಸಪ್ತಕದಲ್ಲಿ ಹಾಡತೊಡಗಿದಳು. ಹಾಡಿದ್ದೇನೋ ಸರಿಯಾಗಿಯೇ ಹಾಡಿದಳು. ಆದರೆ ನಡುವೆ ಈಗ ಯಾರೂ ಇರಲಿಲ್ಲ. ನಡುವಿನ ಸಾಲು ಕೇಳಿ ತನ್ನದನ್ನು ಎತ್ತಿಕೊಳ್ಳಬೇಕಾಗಿದ್ದ ಕ್ಯಾಸ್ಮಿರ್ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟ. ತ್ರಿವೇಣಿಯ ದನಿ ಒಂದೇ ಸ್ವಲ್ಪ ದೂರ ಹೋಗಿ, ಅದೂ ನಿಂತಿತು.

“ಯಾರು ಹೇಳಿದ್ದು ನಿನಗೆ ನನ್ನದು ಹಾಡ್ಲಿಕ್ಕೆ?” ಪ್ಯಾಟ್ರಿಷಿಯಾಳ ಕಣ್ಣು ಕೆಂಪಾಗಿತ್ತು. “ನಾನು ಎಂಜಲು ನುಂಗಿದ್ದು ಅಷ್ಟೇ. ನೀನು ನಿನ್ನ ಸಾಲಲ್ಲಿ ಇದ್ದಿದ್ರೆ ಮುಂದಿನ ಸಾಲಿಗೆ ನಾನು ಬರ್ತಿದ್ದೆ. ನಾನು ಸತ್ತೆನಾ, ನನ್ನ ಜಾಗಕ್ಕೆ ನೀನು ಬರ್ಲಿಕ್ಕೆ?”

“ಅಕ್ಕಾರ, ನೀವು ಬಿದ್ರಿ ಅಂತ...”

“ಇನ್ನೊಮ್ಮೆ ಹಾಡುವ,” ಎಂದ ಕ್ಯಾಸ್ಮಿರ್ ಗಡಿಬಿಡಿಯಿಂದ. “ಕೊನೆಯದ್ದು ಮಾತ್ರ ಹಾಡುವ, ಪ್ಯಾಟ್ರಿ.”

ಪ್ಯಾಟ್ರಿಷಿಯಾ ಒಮ್ಮೆ ಬಾಯಿ ತೆರೆದು ನೋಡಿದಳು. ಅಳು ಮೊದಲು ಬಂತು. “ಖಲಾಸ್,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಗೆ ಬಂದ ತ್ರಿವೇಣಿ ಅತ್ತದ್ದು ಅರ್ಧ ದುಃಖಕ್ಕೆ, ಅರ್ಧ ಸಿಟ್ಟಿಗೆ. “ಏನ್ರಿ ಇದು, ಎಂಥಾ ಸಂಗೀತರಿ? ಬಿದ್ದಾವರನ್ನ ಎತ್ತಿದ್ರ ತಪ್ಪು! ಬಿದ್ದಾವರನ್ನ ಅಲ್ಲೇ ಬಿಟ್ಟು ತಮ್ಮ ಪಾಡಿಗೆ ತಾವು ಹಾಡ್ಕೋತ ಹೋಗೂದು ದೊಡ್ಡಸ್ತಿಕೆ!”

ವಿವೇಕ ಅವಳಿಗೆ ನೀರು ತಂದುಕೊಟ್ಟು ಹೇಳಿದ. “ಆಕಿ ಬಿದ್ದಿದ್ದಿಲ್ಲ, ತ್ರಿವೇಣಿ. ಬಿದ್ಲು ಅಂತ ನೀ ತಿಳಕೊಂಡಿ.”

ಆ ಮಾತಿಗೆ ಅವಳು ಗಂಡನ ಜೊತೆ ಎರಡು ದಿನ ಮಾತು ಬಿಟ್ಟಳು. ಮರುದಿನ ಬೆಳಿಗ್ಗೆ ಎದುರು ಮನೆಯವರು ವಿಮಾನ ನಿಲ್ದಾಣಕ್ಕೆ ಹೊರಟಾಗ ಬಾಗಿಲ ಹಿಂದೆ ನಿಂತು ಸೂಟ್‌ಕೇಸು ಎಳೆಯುವ ಸದ್ದು ಕೇಳಿದಳು. ಬಾಗಿಲು ತೆರೆಯುವ ಧೈರ್ಯವಾಗಲಿಲ್ಲ.

ಕ್ಯಾಸ್ಮಿರ್ ಮಸ್ಕತ್ತಿನಿಂದ ವಿವೇಕನಿಗೆ ಫೋನ್ ಮಾಡಿದ. ಗಡ್ಡೆ ಕೆಟ್ಟದ್ದಲ್ಲ, ಪೂರ್ತಿ ತೆಗೆದರು, ಪ್ಯಾಟ್ರಿ ಆರಾಮ ಇದ್ದಾಳೆ. ದನಿ? ದನಿ ನೋಡಬೇಕು. ಅವರು ಮರಳಿ ಬಂದ ದಿನ ತ್ರಿವೇಣಿ ಧಾರಾಳವಾಗಿ ತುಪ್ಪ ಹಾಕಿ ರವೆಯ ಸಜ್ಜಕ ಮಾಡಿದಳು, ಗಂಟಲಿಗೆ ಮೆತ್ತಗೆ ಇಳಿಯಲೆಂದು. ಎದುರು ಮನೆಯ ಬಾಗಿಲು ಕ್ಯಾಸ್ಮಿರ್ ತೆಗೆದ. ಪ್ಯಾಟ್ರಿಷಿಯಾ ಮಲಗಿದ್ದಳು. ಬಟ್ಟಲು ಅವನ ಕೈಗೆ ಕೊಟ್ಟು ಬಂದಳು. ಹಾಡಿನ ಹಾಳೆಗಳನ್ನು ಅವನು ಅಲ್ಮೇರದ ಮೇಲೆ ಇಟ್ಟುಬಿಟ್ಟದ್ದು ಬಾಗಿಲಿನಿಂದಲೇ ಕಂಡಿತು.

ಅಕ್ಟೋಬರಿನಲ್ಲಿ ಬಿಸಿಲು ಬಿತ್ತು. ಒಂದು ಮಧ್ಯಾಹ್ನ ಪ್ಯಾಟ್ರಿಷಿಯಾ ತಾನೇ ಬಂದು ತ್ರಿವೇಣಿಯ ಬಾಗಿಲಲ್ಲಿ ನಿಂತಳು, ಕೈಯಲ್ಲಿ ತೊಳೆದ ಬಟ್ಟಲು. ಕತ್ತಿನಲ್ಲಿ ಹೊಲಿಗೆಯ ಕೆಂಪು ಗೆರೆ. ದನಿ ಶೀತವಾದವರ ದನಿಯಂತೆ ಒರಟಾಗಿತ್ತು.

“ಮಾತು ಹೀಗೆ ಉಂಟು ನೋಡು. ಇನ್ನೂ ಸರಿಯಾಗ್ತದಂತೆ. ಮೇಲಿನ ಸ್ವರ ಮಾತ್ರ ಇಲ್ಲ. ಮನೆಯಲ್ಲಿ ನೋಡಿದೆ, ಬರೀ ಗಾಳಿ.” ಆಕೆ ಒಳಗೆ ಬಂದು ಕೂತಳು. “ಒಂದು ಕೇಳ್ತೇನೆ. ಆ ದಿನ ನನ್ನ ಪಾರ್ಟ್ ಹಾಡಿದೆಯಲ್ಲ, ಪೂರ್ತಿ ಬರ್ತದಾ ನಿನಗೆ?”

“ಬರ್ತದರಿ.” ತ್ರಿವೇಣಿ ನೆಲ ನೋಡಿದಳು. “ಕಲೀಬೇಕಂತ ಕಲ್ತಿಲ್ರಿ ಅಕ್ಕಾರ. ನಿಮ್ಮ ಬೆನ್ನು ಹತ್ತಿ ಹತ್ತಿ ಬಂದಬಿಟ್ಟದ.”

“ಹಾಗಾದ್ರೆ ಮೇಲಿನದ್ದು ನೀನು ಹಾಡು. ನಡುವಿನದ್ದು ನಾನು ಹಾಡ್ತೇನೆ.”

“ಬ್ಯಾಡ್ರಿ! ನಿಮ್ಮ ಜಾಗಾ ನಾ ಹೆಂಗ ತಗೊಳ್ಳಿ?”

“ಆವತ್ತು ನೀನು ತೆಗೊಂಡದ್ದು. ಇವತ್ತು ನಾನು ಕೊಡುವುದು. ವ್ಯತ್ಯಾಸ ಇಲ್ವಾ ಮಾರಾಯ್ತಿ?”

ತ್ರಿವೇಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳಿಗೆ ನಿಜವಾದ ತೊಂದರೆ ಹೊಳೆಯಿತು. “ಆದ್ರ ಅಷ್ಟ ಮ್ಯಾಲ ನನ್ನ ದನಿ ಹೋಗೂದಿಲ್ರಿ.”

“ಅದಕ್ಕೆಂತ? ಮೂವರೂ ಕೆಳಗೆ ಇಳಿಯುವ.”

ಸಂಜೆ ಈ ಸುದ್ದಿ ಕೇಳಿ ಕ್ಯಾಸ್ಮಿರ್ ಹೌಹಾರಿದ. “ನಾನು ಈಗಲೇ ತಳದಲ್ಲಿದ್ದೇನೆ. ಇನ್ನೂ ಕೆಳಗೆ ಅಂದ್ರೆ ಬಾವಿಗೆ ಇಳಿಯುವುದಾ?” ಎಂದ. ಎಂದವನು ಸ್ಟೂಲು ಹತ್ತಿ ಅಲ್ಮೇರದ ಮೇಲಿನ ಹಾಳೆಗಳನ್ನು ಇಳಿಸಿ ಧೂಳು ಒರೆಸಿದ. ಬರ್ಡ್‌ನ ಕಾಲದಲ್ಲಿ ಮನೆಯಲ್ಲಿ ಹಾಡುವವರು ಸೇರಿದವರ ಕಂಠ ನೋಡಿಯೇ ಎತ್ತರ ಗೊತ್ತುಮಾಡಿಕೊಳ್ಳುತ್ತಿದ್ದರು ಎಂದು ತಾನಾಗಿಯೇ ಒಪ್ಪಿಕೊಂಡ. ಕೀಬೋರ್ಡಿನಲ್ಲಿ ಒಂದೊಂದೇ ಸ್ವರ ಕೆಳಗಿಳಿಸುತ್ತ, ಇದು ಆಗುತ್ತದಾ, ಇದು ಆಗುತ್ತದಾ ಎಂದು ಇಬ್ಬರನ್ನೂ ಕೇಳಿದ. ಇಬ್ಬರೂ ಹೂಂ ಎಂದಲ್ಲಿ ನಿಲ್ಲಿಸಿದ. ಅಲ್ಲಿ ಅವನ ಸ್ವಂತ ಸ್ವರಗಳಲ್ಲಿ ಕೆಲವು ಬರೀ ಗೊರಗೊರ ಆಗುತ್ತಿದ್ದವು. ಪರವಾಗಿಲ್ಲ ಎಂದ.

ಮೂವರೂ ಹಾಲ್‌ನಲ್ಲಿ ಎದುರುಬದುರು ನಿಂತರು. ಮೊದಲ ಸಾಲು ಎತ್ತಿಕೊಳ್ಳಬೇಕಾದವಳು ತ್ರಿವೇಣಿ. ನಾಲ್ಕು ಜನರ ನಡುವೆ ಮೊದಲು ಬಾಯಿ ತೆರೆದು ಅವಳಿಗೆ ಗೊತ್ತೇ ಇರಲಿಲ್ಲ. ಹೆದರಿಕೊಂಡೇ ಎತ್ತಿಕೊಂಡಳು. ಅವಳ ಸಾಲು ಮುಗಿಯುವ ಮೊದಲೇ ಪ್ಯಾಟ್ರಿಷಿಯಾ ಒಳಗೆ ಬಂದಳು. ಅಷ್ಟು ತಿಳಿಯಾಗಿದ್ದ ದನಿ ಈಗ ಹರಿದ ಬಟ್ಟೆಯಂತಾಗಿತ್ತು, ಆದರೂ ಸ್ವರ ಸರಿಯಾಗಿ ನಿಂತಿತ್ತು. ಅದನ್ನು ಕೇಳಿ ತ್ರಿವೇಣಿಗೆ ಅಳು ಬಂತು. ಅವಳ ಸಾಲು ನಿಂತುಹೋಯಿತು. ಮತ್ತೆ ಕೆಡಿಸಿದೆ ಎಂದುಕೊಂಡಳು.

ಯಾರೂ ಅವಳ ಸಾಲನ್ನು ಹಿಡಿಯಲಿಲ್ಲ. ಕ್ಯಾಸ್ಮಿರನ ಕಾಲು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಪ್ಯಾಟ್ರಿಷಿಯಾ ಅವಳತ್ತ ತಿರುಗಿಯೂ ನೋಡದೆ ತನ್ನ ಸಾಲನ್ನು ಹಾಡುತ್ತಲೇ ಹೋದಳು, ಅವನು ಕೆಳಗಿನದನ್ನು. ಅವರಿಬ್ಬರ ಮೇಲೆ ತ್ರಿವೇಣಿಯ ಜಾಗ ಖಾಲಿ ಬಿದ್ದಿತ್ತು. ಆ ಖಾಲಿಯನ್ನು ಅವಳು ಕಿವಿಯಿಂದ ಕೇಳಿದಳು. ಬಿಟ್ಟುಹೋದರು ಎಂದುಕೊಂಡವಳಿಗೆ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು, ಅವರು ಬಿಟ್ಟುಹೋಗಿರಲಿಲ್ಲ. ಅವರು ತಮ್ಮ ತಮ್ಮ ಜಾಗದಲ್ಲಿ ಇದ್ದುದರಿಂದಲೇ ತನ್ನ ಜಾಗ ಎಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ಪ್ಯಾಟ್ರಿಷಿಯಾ ಒರಟು ದನಿಯಲ್ಲಿ ಹೊಸ ಸಾಲೊಂದನ್ನು ಎತ್ತಿಕೊಂಡಳು. ಅದರ ಬೆನ್ನಿಗೆ ಮೇಲಿನವಳ ಸರದಿ.

ತ್ರಿವೇಣಿ ಮೂಗು ಒರೆಸಿಕೊಂಡು, ಉಸಿರು ಎಳೆದುಕೊಂಡು, ಆ ಸಾಲು ಮುಗಿಯುವ ಮೊದಲೇ ನಡುವೆ ಬಾಯಿ ಹಾಕಿದಳು. ಆ ಸಂಜೆ ಮೂವರೂ ಕೊನೆಯವರೆಗೆ ಹಾಡಿದರು.